ಓರೆಬೆಳಕಿಗೆ ಕಾಣುವ ಗೆರೆ

ಹಳೆಯ ವಸ್ತುವೊಂದು ಕೈಗೆ ಬಂದಾಗ ನಮ್ಮ ಮನೆಗಳಲ್ಲಿ ಮೊದಲು ನಡೆಯುವ ಕೆಲಸ ಅದನ್ನು ಒರಸುವುದು. ಅಟ್ಟದಿಂದ ಇಳಿಸಿದ ಹಿತ್ತಾಳೆಯ ದೀಪಕ್ಕೆ ಹುಣಿಸೆಹುಳಿ, ಅಜ್ಜನ ಪಟದ ಗಾಜಿಗೆ ಒದ್ದೆ ಬಟ್ಟೆ, ಮರದ ಪೆಟ್ಟಿಗೆಗೆ ಒಂದು ಕೈ ಎಣ್ಣೆ. ಈ ಅಭ್ಯಾಸದಲ್ಲಿ ತಪ್ಪೇನೂ ಇಲ್ಲ. ಆದರೆ ಒರಸಿದ ಮಾತ್ರಕ್ಕೇ ಬೆಲೆ ಕಳೆದುಕೊಳ್ಳುವ ವಸ್ತುಗಳೂ ಲೋಕದಲ್ಲಿವೆ ಎಂಬುದನ್ನು ನಾನು ಕಣ್ಣಾರೆ ಕಂಡುದು ಕಾಸರಗೋಡಿನಿಂದ ಬಹುದೂರದ ಕೆನಡಾ ದೇಶದಲ್ಲಿ, 2022ರ ಬೇಸಗೆಯಲ್ಲಿ.

ನನ್ನ ಸೋದರಳಿಯನು ಸಂಸಾರಸಮೇತನಾಗಿ ಒಂಟಾರಿಯೋ ಪ್ರಾಂತದ ಲಂಡನ್ ನಗರದಲ್ಲಿ ನೆಲೆಸಿದ್ದಾನೆ. ಇದು ಇಂಗ್ಲೆಂಡಿನ ಲಂಡನ್ ಅಲ್ಲ; ಆದರೆ ಇಲ್ಲಿಯೂ ಒಂದು ಥೇಮ್ಸ್ ನದಿ ಹರಿಯುತ್ತದೆ. ಅವನಿದ್ದುದು ಬಾಡಿಗೆಯ ಮನೆಯ ಕೆಳಭಾಗದಲ್ಲಿ. ಮೇಲುಭಾಗದಲ್ಲಿ ಮನೆಯೊಡತಿ, ಎಂಬತ್ತು ದಾಟಿದ ವೃದ್ಧೆ, ಒಬ್ಬರೇ ಇದ್ದರು. ಹಿಂದಿನ ಚಳಿಗಾಲದಲ್ಲಿ ಅವರ ಪತಿ ತೀರಿಕೊಂಡಿದ್ದರು. ಮನೆಯ ಮಾಡು ಸೋರುತ್ತಿತ್ತು. ಮುಂದಿನ ಹಿಮ ಬೀಳುವುದರೊಳಗೆ ಅದನ್ನು ಸರಿಪಡಿಸಬೇಕಾಗಿತ್ತು. ಹಣ ಸಾಲದೆ ಅವರು ಪತಿಯ ಕೋಣೆಯ ಸಾಮಾನುಗಳನ್ನು ಒಂದೊಂದಾಗಿ ಮಾರುತ್ತಿದ್ದರು.

ಒಂದು ಮಧ್ಯಾಹ್ನ ಸೋದರಳಿಯನ ಹೆಂಡತಿ ಅವಸರದಿಂದ ಬಂದಳು. ‘‘ಮಾವ, ಮೇಲಿನ ಅಜ್ಜಿ ಹಳೆಯ ಚಿತ್ರದ ಕಾರ್ಡುಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ಒದ್ದೆ ಬಟ್ಟೆಯಲ್ಲಿ ಒರಸುತ್ತಿದ್ದಾರೆ. ನೀವು ಪ್ರೆಸ್ಸಿನಲ್ಲಿದ್ದವರಲ್ಲವೇ? ಒಮ್ಮೆ ಬಂದು ನೋಡಿ’’ ಎಂದಳು.

ಮೂವತ್ತೊಂದು ವರ್ಷ ಮುದ್ರಣಾಲಯವೊಂದರಲ್ಲಿ ಕಾಗದ ಮತ್ತು ಶಾಯಿಯ ನಡುವೆ ಬದುಕಿದ ನನಗೆ ‘ಒದ್ದೆ ಬಟ್ಟೆ’ ಎಂಬ ಎರಡು ಪದಗಳೇ ಸಾಕಾದುವು. ಮೆಟ್ಟಿಲೇರಿ ಹೋದೆ. ಮೇಜಿನ ಮೇಲೆ ತುಕ್ಕುಹಿಡಿದ ಬಿಸ್ಕತ್ತಿನ ಡಬ್ಬಿ. ಅದರ ಸುತ್ತ ನಲುವತ್ತಮೂರು ಪುಟ್ಟ ರಟ್ಟಿನ ಚಿತ್ರಗಳು. ನಾವು ಹೋಗುವಷ್ಟರಲ್ಲಿ ಹನ್ನೊಂದನ್ನು ಒರಸಿ ಆಗಿತ್ತು. ‘‘ಮಾರುವ ವಸ್ತು ಚೊಕ್ಕವಾಗಿರಬೇಡವೇ?’’ ಎಂದು ಆಕೆ ನಗುತ್ತಾ ಕೇಳಿದರು. ಆ ಪ್ರಶ್ನೆಗೆ ಥಟ್ಟನೆ ಉತ್ತರ ಕೊಡಲು ನನಗೆ ನಾಲಗೆ ಬರಲಿಲ್ಲ.

ಹಿಮದ ಮೇಲಿನ ಹಾಕಿ, ಮಿಠಾಯಿಯ ಪೊಟ್ಟಣ

ಹಾಕಿ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕೊಡಗಿನ ಹಸುರು ಮೈದಾನ. ಕೆನಡಾದವರಿಗೆ ಹಾಕಿ ಎಂದರೆ ಮಂಜುಗಡ್ಡೆಯ ಮೇಲೆ ಉಕ್ಕಿನ ಅಲಗಿನ ಪಾದರಕ್ಷೆ ತೊಟ್ಟು ಜಾರುತ್ತ ಆಡುವ ಆಟ. ಆ ಆಟಗಾರರ ಚಿತ್ರಗಳನ್ನು ಅಂಗೈಯಗಲದ ರಟ್ಟಿನಲ್ಲಿ ಅಚ್ಚುಹಾಕಿ ಬೇರೊಂದು ಸರಕಿನ ಜೊತೆಗೆ ಕೊಡುವ ಪದ್ಧತಿ ಅಲ್ಲಿ ನೂರು ವರ್ಷಕ್ಕೂ ಹಳೆಯದು. 1910ರ ಸುಮಾರಿಗೆ ಅವು ಸಿಗರೇಟಿನ ಪೊಟ್ಟಣದಲ್ಲಿ ಬರುತ್ತಿದ್ದುವು. 1930ರ ದಶಕದಲ್ಲಿ ಜಗಿಯುವ ಗಮ್ಮಿನ ಜೊತೆಗೆ ಬಂದುವು. ಇದೇ ಲಂಡನ್ ನಗರದಲ್ಲಿ 1911ರಲ್ಲಿ ಹುಟ್ಟಿದ ಓ-ಪೀ-ಚೀ ಎಂಬ ಮಿಠಾಯಿ ಕಂಪೆನಿಯು 1933ರಿಂದ ಹಾಕಿ ಕಾರ್ಡುಗಳನ್ನು ಹೊರತರತೊಡಗಿತು. ಮಹಾಯುದ್ಧ ಬಂದಾಗ ಗಮ್ಮಿನ ಕಾರ್ಡುಗಳು ನಿಂತುಹೋದುವು. ಹತ್ತು ವರ್ಷಗಳ ಬಳಿಕ, 1951ರಲ್ಲಿ, ಟೊರಾಂಟೋದ ಪಾರ್ಕ್‌ಹರ್ಸ್ಟ್ ಕಂಪೆನಿ 105 ಚಿತ್ರಗಳ ಒಂದು ಮಾಲೆಯನ್ನು ಹೊರತಂದಿತು.

ಈ ಹತ್ತು ವರ್ಷಗಳ ಬರಗಾಲದಿಂದ ಒಂದು ವಿಚಿತ್ರ ಪರಿಣಾಮವಾಯಿತು. ಮಾಂಟ್ರಿಯಲ್ ತಂಡದ ಮೊರೀಸ್ ರಿಷಾರ್ 1942ರಿಂದಲೂ, ಡೆಟ್ರಾಯಿಟ್ ತಂಡದ ಗೋರ್ಡಿ ಹೋ 1946ರಿಂದಲೂ ಆಡುತ್ತಿದ್ದವರು. ಇಬ್ಬರೂ ಹೆಸರಾಂತ ವೀರರಾದ ಮೇಲೆ ಅವರ ಮೊದಲ ಕಾರ್ಡುಗಳು ಬಂದುವು: ರಿಷಾರ್ 4ನೆಯದು, ಹೋ 66ನೆಯದು. ಆಟಗಾರನ ಮೊದಲ ಕಾರ್ಡಿಗೆ ಸಂಗ್ರಾಹಕರಲ್ಲಿ ವಿಶೇಷ ಬೆಲೆ. ಆದುದರಿಂದ ಒಂದೂಮುಕ್ಕಾಲು ಅಂಗುಲ ಅಗಲ, ಎರಡೂವರೆ ಅಂಗುಲ ಉದ್ದದ ಈ ಚಿಕ್ಕ ರಟ್ಟುಗಳಿಗಾಗಿ ಇಂದಿಗೂ ಪೈಪೋಟಿ ಇದೆ.

ಅಜ್ಜಿಯ ಡಬ್ಬಿಯಲ್ಲಿದ್ದುದು ಈ 1951ರ ಮಾಲೆಯೇ. ಪತಿ ಆಗ ಹತ್ತು ವರ್ಷದ ಹುಡುಗನಂತೆ. ಡಬ್ಬಿಯಲ್ಲಿ ಹೋ ಇದ್ದ, ರಿಷಾರ್ ಇದ್ದ, ಗೋಲು ಕಾಯುವ ಟೆರಿ ಸಾಚಕ್ ಇದ್ದ. ರಿಷಾರನು ಹುಡುಗನ ಆರಾಧ್ಯದೈವ. ಹಾಗಾಗಿ ಅದೇ ಅತ್ಯಂತ ಕೊಳೆಯಾದ ಕಾರ್ಡು. ಕೊಳೆಯಾಗಿತ್ತೆಂಬ ಕಾರಣಕ್ಕೇ ಒದ್ದೆ ಬಟ್ಟೆ ಮೊದಲು ಬಿದ್ದುದೂ ಅದರ ಮೇಲೆ.

ಒಂದರಿಂದ ಹತ್ತು

ಮರುದಿನ ನಾವು ಆ ಊರಿನ ಹಳೆಯ ಕಾರ್ಡುಗಳ ವ್ಯಾಪಾರಿಯೊಬ್ಬರನ್ನು ಕಂಡೆವು. ಆತನು ಕಾರ್ಡನ್ನು ಕೈಗೆ ತೆಗೆದುಕೊಂಡು ಚಿತ್ರವನ್ನು ನೋಡಲೇ ಇಲ್ಲ. ಅಂಚುಗಳೆರಡನ್ನು ಬೆರಳ ತುದಿಗಳಲ್ಲಿ ಹಿಡಿದು, ದೀಪದ ಕೆಳಗೆ ಓರೆಮಾಡಿ, ಕಣ್ಣಿನ ಮಟ್ಟಕ್ಕೆ ತಂದು ಮೆಲ್ಲಗೆ ತಿರುಗಿಸತೊಡಗಿದನು. ನಮ್ಮ ಚಿನಿವಾರರು ಹಳೆಯ ಪವನನ್ನು ತಿರುಗಿಸುವ ರೀತಿಯೇ ಅದು.

ಇಂಥ ಕಾರ್ಡುಗಳ ಸ್ಥಿತಿಯನ್ನು ಪರೀಕ್ಷಿಸಿ ಅಂಕ ನೀಡುವ ಸಂಸ್ಥೆಗಳು ಅಮೆರಿಕ, ಕೆನಡಾಗಳಲ್ಲಿವೆ. 1991ರಲ್ಲಿ ಆರಂಭವಾದ ಪಿ.ಎಸ್.ಎ. ಎಂಬ ಸಂಸ್ಥೆ ಅವುಗಳಲ್ಲಿ ಪ್ರಮುಖವಾದುದು. ಅಂಕಗಳು ಒಂದರಿಂದ ಹತ್ತರವರೆಗೆ. ನೋಡುವುದು ನಾಲ್ಕು ಸಂಗತಿಗಳನ್ನು: ಚಿತ್ರವು ರಟ್ಟಿನ ನಡುವೆ ಸರಿಯಾಗಿ ಕೂತಿದೆಯೇ, ಮೂಲೆಗಳು ಚೂಪಾಗಿವೆಯೇ, ಅಂಚು ಕಿತ್ತಿದೆಯೇ, ಮೇಲ್ಮೈ ಹೇಗಿದೆ. ಬೆಕೆಟ್ ಎಂಬ ಇನ್ನೊಂದು ಸಂಸ್ಥೆ ಈ ನಾಲ್ಕಕ್ಕೂ ಬೇರೆ ಬೇರೆ ಅಂಕ ಕೊಡುತ್ತದೆ. ಆದರೆ ಕೊನೆಯ ಅಂಕವು ನಾಲ್ಕರ ಸರಾಸರಿಯಲ್ಲ. ತೀರ ಕೆಳಗಿರುವ ಅಂಕವು ಉಳಿದುದನ್ನು ತನ್ನೆಡೆಗೆ ಎಳೆದುಕೊಳ್ಳುತ್ತದೆ. ಪರೀಕ್ಷೆ ಮುಗಿದ ಕಾರ್ಡನ್ನು ಗಟ್ಟಿ ಪ್ಲಾಸ್ಟಿಕ್ಕಿನ ಕವಚದಲ್ಲಿ ಮುಚ್ಚಿ, ಅಂಕ ಬರೆದ ಚೀಟಿಯೊಂದಿಗೆ ಮರಳಿಸುತ್ತಾರೆ.

ನಾಲ್ಕರಲ್ಲಿ ಮೂರನ್ನು ಯಾರೂ ಅಳೆಯಬಹುದು. ಮೂಲೆ ಮೊಂಡಾದುದು ಬರಿಗಣ್ಣಿಗೆ ಕಾಣುತ್ತದೆ. ಚಿತ್ರ ಎಡಕ್ಕೆ ಸರಿದುದಕ್ಕೆ ಅಳತೆಪಟ್ಟಿ ಸಾಕು. ಮೇಲ್ಮೈ ಮಾತ್ರ ಮೋಸಗೊಳಿಸುವಂಥದು. ನೇರ ಬೆಳಕಿನಲ್ಲಿ ನಿರ್ಮಲವಾಗಿ ಕಂಡ ಕಾರ್ಡು, ಓರೆಬೆಳಕು ಬಿದ್ದೊಡನೆ ತನ್ನ ಎಪ್ಪತ್ತು ವರ್ಷದ ಕಥೆಯನ್ನೆಲ್ಲ ಹೇಳಿಬಿಡುತ್ತದೆ.

ಹುಟ್ಟಿನ ಕುಂದು, ಬಾಳಿನ ಕುಂದು

ಮೇಲ್ಮೈಯ ಕುಂದುಗಳಲ್ಲಿ ಕೆಲವು ಹುಟ್ಟಿನಿಂದಲೇ ಬಂದವು. ಇವು ನನಗೆ ಹಳೆಯ ಪರಿಚಿತರು. ಆಫ್‌ಸೆಟ್ ಯಂತ್ರದಲ್ಲಿ ಪ್ಲೇಟಿನ ಚಿತ್ರವು ಮೊದಲು ರಬ್ಬರಿನ ಬ್ಲ್ಯಾಂಕೆಟ್ಟಿಗೂ ಅಲ್ಲಿಂದ ಕಾಗದಕ್ಕೂ ಇಳಿಯುತ್ತದೆ. ನಡುವೆ ಒಂದು ಧೂಳಿನ ಕಣವೋ ಒಣಗಿದ ಶಾಯಿಯ ಚೂರೋ ಅಂಟಿದರೆ ಅದರ ಸುತ್ತ ಬಿಳಿಯ ಉಂಗುರವೊಂದು ಮೂಡುತ್ತದೆ. ಕಾರ್ಡು ಸಂಗ್ರಾಹಕರು ಅದನ್ನು ‘ಮೀನುಗಣ್ಣು’ ಎನ್ನುತ್ತಾರೆ. ನಮ್ಮ ಪ್ರೆಸ್ಸಿನಲ್ಲಿ ಅದಕ್ಕಿದ್ದ ಹೆಸರನ್ನು ಇಲ್ಲಿ ಬರೆಯುವಂತಿಲ್ಲ. ನಾಲ್ಕು ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂಡದಿದ್ದರೆ ಆಟಗಾರನ ಮುಖಕ್ಕೆ ಎರಡು ಮೂಗು ಬಂದಂತೆ ಕಾಣುತ್ತದೆ. ರೋಲರಿನ ಗೀರಿನಿಂದ ಉದ್ದಕ್ಕೂ ಒಂದು ಎಳೆ ಬೀಳುವುದುಂಟು.

ಇಂಥ ಹುಟ್ಟುಕುಂದಿಗೆ ತೀರ್ಪುಗಾರರು ಸ್ವಲ್ಪ ದಾಕ್ಷಿಣ್ಯ ತೋರಿಸುತ್ತಾರೆ. ಪಿ.ಎಸ್.ಎ. ಸಂಸ್ಥೆಯ ನಿಯಮದಂತೆ ಹತ್ತು ಅಂಕದ ಕಾರ್ಡಿನಲ್ಲಿಯೂ, ಒಟ್ಟು ಅಂದಕ್ಕೆ ಭಂಗ ಬರದಿದ್ದರೆ, ಅಚ್ಚಿನ ಅತಿಸಣ್ಣ ದೋಷವೊಂದನ್ನು ಮನ್ನಿಸಬಹುದು. ಕುಂದು ದೊಡ್ಡದಾದರೆ ಅಂಕ ಇಳಿಯುತ್ತದೆ, ಇಲ್ಲವೇ ಅಂಕದ ಪಕ್ಕದಲ್ಲಿ ‘ಅಚ್ಚಿನ ದೋಷ’ ಎಂಬ ಷರಾ ಬೀಳುತ್ತದೆ. ಕಲೆಗೂ ಬರಹಕ್ಕೂ ಇಂಥ ಬೇರೆ ಬೇರೆ ಷರಾಗಳಿವೆ.

ಬಾಳಿನಲ್ಲಿ ಬಂದ ಕುಂದುಗಳ ಪಟ್ಟಿ ಇದಕ್ಕಿಂತ ಉದ್ದವಾದುದು, ಮತ್ತು ನನ್ನ ಮಟ್ಟಿಗೆ ಹೆಚ್ಚು ಸ್ವಾರಸ್ಯವಾದುದು. ಈ ಕಾರ್ಡುಗಳನ್ನು ಯಾರೂ ಕಾಪಿಡಲೆಂದು ಮಾಡಿರಲಿಲ್ಲ. ಮಕ್ಕಳು ಅವನ್ನು ಶಾಲೆಯ ಗೋಡೆಗೆ ಚಿಮ್ಮಿ ಪಂದ್ಯ ಕಟ್ಟುತ್ತಿದ್ದರು. ಸೈಕಲ್ಲಿನ ಕಡ್ಡಿಗಳಿಗೆ ಸಿಕ್ಕಿಸಿ ಪಟಪಟ ಸದ್ದು ಮಾಡಿಸುತ್ತಿದ್ದರು. ಅಂಟು ಹಚ್ಚಿ ಪುಸ್ತಕಕ್ಕೆ ಮೆತ್ತುತ್ತಿದ್ದರು. ಮೆತ್ತಿದುದನ್ನು ಮುಂದೆ ಕಿತ್ತಾಗ ಹಿಂಬದಿಯ ಕಾಗದದ ಪದರವೇ ಕಳಚಿ ಬರುತ್ತದೆ. ಮುಂಬದಿ ಎಷ್ಟೇ ಚೆಲುವಾಗಿರಲಿ, ಅಂಥ ಕಾರ್ಡು ತೀರ ಕೆಳಗಿನ ಅಂಕಕ್ಕೆ ಬೀಳುತ್ತದೆ. ಗಮ್ಮಿನ ಹಲ್ಲೆ ತೇವಕ್ಕೆ ಕರಗಿ ಕಂದು ಕಲೆ ಬಿಡುತ್ತದೆ. ಪೊಟ್ಟಣವನ್ನು ಮುಚ್ಚಲು ಮೇಣ ಹಚ್ಚಿದ ಕಾಗದ ಬಳಸಿದ ಕಾಲದಲ್ಲಿ ಆ ಮೇಣವು ಕಾರ್ಡಿಗೂ ತಗಲುತ್ತಿತ್ತು. ಹೊಳಪಿನ ಮುಂಬದಿಯಲ್ಲಿ ಅದು ಮೇಲೆಯೇ ನಿಲ್ಲುತ್ತದೆ. ಹೊಳಪಿಲ್ಲದ ಹಿಂಬದಿಯಲ್ಲಿ ಎಣ್ಣೆಯಂತೆ ಹೀರಿಹೋಗುತ್ತದೆ. ಮಾಲೆಯ ಎಲ್ಲ ಹೆಸರುಗಳನ್ನು ಕೊಡುವ ಪಟ್ಟಿಯ ಕಾರ್ಡಿನಲ್ಲಿ ಮಕ್ಕಳು ತಮ್ಮಲ್ಲಿರುವ ಸಂಖ್ಯೆಗೆ ಪೆನ್ಸಿಲಿನಿಂದ ಗುರುತು ಹಾಕುವುದು ಸಹಜ. ಅದಕ್ಕಾಗಿಯೇ ಅದನ್ನು ಅಚ್ಚುಮಾಡಿದ್ದು! ಆದರೆ ಅಂಕ ಹಾಕುವವರ ಲೆಕ್ಕದಲ್ಲಿ ಅದೂ ಕುಂದೇ. ಗುರುತಿಲ್ಲದ ಪಟ್ಟಿಯು ಆದುದರಿಂದ ಅಪರೂಪ, ದುಬಾರಿ.

ಎಲ್ಲಕ್ಕೂ ಕಠಿನವಾದ ಶಿಕ್ಷೆ ಮಡಿಕೆಗೆ. ಏಳು ಅಂಕದ ಕಾರ್ಡಿನಲ್ಲಿ ಸವೆತದ ಸಣ್ಣ ಕುರುಹು ಇರಬಹುದು. ಆರರಲ್ಲಿ ಹತ್ತಿರದಿಂದ ನೋಡಿದರೆ ಮಾತ್ರ ಕಾಣುವ ತೆಳುವಾದ ಗೀರು. ಐದರಲ್ಲಿ ಅಂಥ ಹಲವು ಗೀರುಗಳು, ಮಾಸಿದ ಹೊಳಪು. ಹಗುರವಾದ ಮಡಿಕೆ ಇರಬಹುದೆಂಬ ಮಾತು ಬರುವುದು ನಾಲ್ಕಕ್ಕೆ ಇಳಿದಾಗಲೇ. ಹೀಗಾಗಿ ಉಳಿದೆಲ್ಲ ವಿಷಯಗಳಲ್ಲಿ ಏಳೆಂಟು ಅಂಕಕ್ಕೆ ಯೋಗ್ಯವಾದ ಕಾರ್ಡು ಒಂದು ಸುಕ್ಕಿನಿಂದ ಅರ್ಧಕ್ಕೆ ಕುಸಿಯಬಹುದು. ಶಾಯಿಯನ್ನು ಒಡೆಯದೆ ರಟ್ಟಿನ ಒಳಗೇ ಉಳಿದ ಸುಕ್ಕು ನೇರ ಬೆಳಕಿಗೆ ಸಿಕ್ಕುವುದೇ ಇಲ್ಲ.

ನಮ್ಮ ಗೋರ್ಡಿ ಹೋ ಕಾರ್ಡಿನಲ್ಲಿ ಆದುದು ಇದೇ. ಅದರ ಮೂಲೆಗಳು ಆ ಮಾಲೆಗೆ ಅಪರೂಪವೆನಿಸುವಷ್ಟು ಚೂಪಾಗಿದ್ದುವು. (1951ರ ಕಾರ್ಡುಗಳನ್ನು ಪೊಟ್ಟಣಕ್ಕೆ ತುಂಬುವ ಮೊದಲು ಕಾಂಕ್ರೀಟು ಕಲಸುವ ಯಂತ್ರದಲ್ಲಿ ಹಾಕಿ ಕಲೆಸುತ್ತಿದ್ದರೆಂದು ಸಂಗ್ರಾಹಕರಲ್ಲಿ ಒಂದು ಕಥೆಯಿದೆ, ಆ ಮಾಲೆಯ ಮೂಲೆಗಳನ್ನು ಕಂಡವರು ಅದನ್ನು ನಂಬಲು ಹಿಂಜರಿಯುವುದಿಲ್ಲ.) ನಾನು ಮನಸ್ಸಿನಲ್ಲೇ ಆರು ಅಂಕ ಹಾಕಿಬಿಟ್ಟಿದ್ದೆ. ವ್ಯಾಪಾರಿಯು ಓರೆಮಾಡಿದ, ಹಿಂಬದಿಯಲ್ಲಿ ಕೂದಲೆಳೆಯಂಥ ಗೆರೆಯೊಂದು ಅಡ್ಡಡ್ಡವಾಗಿ ಹೊಳೆದು ಮಾಯವಾಯಿತು. ‘‘ಹುಡುಗ ಇದನ್ನು ಹಿಂದಿನ ಕಿಸೆಯಲ್ಲಿಟ್ಟು ಕೂತಿದ್ದಾನೆ’’ ಎಂದ ಆತ. ಅಜ್ಜಿ ಮೊದಲ ಬಾರಿಗೆ ಕಾರ್ಡನ್ನು ಬಿಟ್ಟು ಆತನ ಮುಖವನ್ನು ನೋಡಿದರು.

ಒಂದು ಅಂಕದ ಬೆಲೆ

ಇಷ್ಟು ಚಿಕ್ಕ ಗೆರೆಗೆ ಇಷ್ಟೇಕೆ ಗಲಾಟೆ ಎಂದು ವಾಚಕರು ಕೇಳಬಹುದು. ನಾನೂ ಕೇಳಿದೆ. ವ್ಯಾಪಾರಿಯು ಕೊಟ್ಟ ಉದಾಹರಣೆ ವೇಯ್ನ್ ಗ್ರೆಟ್ಸ್ಕಿಯ ಮೊದಲ ಕಾರ್ಡು. ಅದು 1979ರಲ್ಲಿ ಅದೇ ಊರಿನ ಓ-ಪೀ-ಚೀ ಕಂಪೆನಿ ಹೊರತಂದ 396 ಕಾರ್ಡುಗಳ ಮಾಲೆಯಲ್ಲಿ 18ನೆಯದು. ಹಿಂಬದಿಯಲ್ಲಿ ಇಂಗ್ಲಿಷ್, ಫ್ರೆಂಚ್ ಎರಡೂ ಭಾಷೆಗಳಲ್ಲಿ ಬರಹವಿದೆ. ಎರಡು ಮೂರು ಭಾಷೆಗಳ ನಡುವೆ ಬೆಳೆದ ನಮ್ಮಂಥ ಗಡಿನಾಡಿನವರ ಕಣ್ಣು ಅಲ್ಲಿ ಒಂದು ಕ್ಷಣ ನಿಲ್ಲದಿರದು. ಚಿತ್ರದ ಸುತ್ತ ನೀಲಿಯ ಅಂಚು. ಬಿಳಿಯ ಅಂಚಿನಲ್ಲಿ ಕಣ್ಣಿಗೆ ಬೀಳದ ಸಣ್ಣ ಸವೆತವೂ ನೀಲಿಯ ಮೇಲೆ ಬಿಳಿ ಚುಕ್ಕೆಯಾಗಿ ಎದ್ದು ಕಾಣುತ್ತದೆ. 1966ರ ಟಾಪ್ಸ್ ಕಂಪೆನಿಯ ಬಾಬಿ ಆರ್ ಕಾರ್ಡಿಗೂ ಇದೇ ಸಂಕಟ. ಅದರ ಅಂಚು ಟೆಲಿವಿಷನ್ ಪೆಟ್ಟಿಗೆಯಂತೆ ಮರದ ಕಂದುಬಣ್ಣದ್ದು. ಮೇಲಾಗಿ ಓ-ಪೀ-ಚೀ ಕಾರ್ಖಾನೆಯಲ್ಲಿ ಹಾಳೆಗಳನ್ನು ತಂತಿಯಿಂದ ಕೊಯ್ಯುತ್ತಿದ್ದುದರಿಂದ ಅಂಚುಗಳು ಹುಟ್ಟಿನಲ್ಲೇ ತರಿತರಿ.

ಲಕ್ಷಣಗಳೆಲ್ಲ ಕೂಡಿಬಂದು ಹತ್ತು ಅಂಕ ಪಡೆದ ಆ ಕಾರ್ಡಿನ ಪ್ರತಿಗಳು 2021ರಲ್ಲಿ ಎರಡೇ ಎರಡು ಇದ್ದುವು. ಅಂಥ ಪ್ರತಿಯೊಂದು 2020ರ ಡಿಸೆಂಬರಿನಲ್ಲಿ 12 ಲಕ್ಷ 90 ಸಾವಿರ ಡಾಲರಿಗೂ, 2021ರ ಮೇ ತಿಂಗಳಲ್ಲಿ 37 ಲಕ್ಷ 50 ಸಾವಿರ ಡಾಲರಿಗೂ ಮಾರಾಟವಾಯಿತು. ಒಂಬತ್ತು ಅಂಕದ ಪ್ರತಿಗೆ ಸಿಕ್ಕುವುದು ಇದರ ಒಂದು ಸಣ್ಣ ಪಾಲು ಮಾತ್ರ. ಹತ್ತಕ್ಕೂ ಒಂಬತ್ತಕ್ಕೂ ನಡುವೆ ಇರುವುದು ಕೆಲವೊಮ್ಮೆ ಒಂದು ಅಚ್ಚಿನ ಚುಕ್ಕೆ, ಹಿಂಬದಿಯಲ್ಲಿ ಮೇಣದ ಒಂದು ನೆರಳು. ಇದು ವಿವೇಕವೋ ಹುಚ್ಚೋ ಎಂಬುದನ್ನು ನಾನು ತೀರ್ಮಾನಿಸಲಾರೆ. ಹಣವಂತರ ಹುಚ್ಚು ಎಂದು ನನ್ನ ಸೋದರಳಿಯನ ಅಭಿಪ್ರಾಯ.

ಬೆಲೆ ಏರಿದಲ್ಲಿ ಕೈಚಳಕವೂ ಬರುತ್ತದೆ. ಬಾಗಿದ ರಟ್ಟನ್ನು ಒತ್ತಿ ಸುಕ್ಕು ಅಡಗಿಸುವವರು, ಸವೆದ ಅಂಚಿಗೆ ಬಣ್ಣ ತುಂಬುವವರು, ಮೊಂಡು ಮೂಲೆಯನ್ನು ಕತ್ತರಿಸಿ ಚೂಪು ಮಾಡುವವರು ಇದ್ದಾರೆ. ಪರೀಕ್ಷಕರಿಗೆ ಗೊತ್ತಾದರೆ ಅಂಥ ಕಾರ್ಡಿಗೆ ಅಂಕವೇ ಇಲ್ಲ. ದ್ರಾವಣ ಹಚ್ಚಿ ಮೇಣದ ಅಥವಾ ಗಮ್ಮಿನ ಕಲೆ ತೆಗೆಯುವುದೂ ಈ ಅಪರಾಧಗಳ ಸಾಲಿನಲ್ಲೇ ಸೇರಿದೆ. ತರಿತರಿಯಾಗಿರಬೇಕಾದ ಓ-ಪೀ-ಚೀ ಅಂಚು ತೀರ ನುಣುಪಾಗಿದ್ದರೆ ಅನುಭವಿಗಳು ಸಂತೋಷಪಡುವುದಿಲ್ಲ, ಸಂಶಯಪಡುತ್ತಾರೆ. ನಕಲಿಯನ್ನು ಹಿಡಿಯುವುದಕ್ಕೂ ಮೇಲ್ಮೈಯೇ ಸಾಕ್ಷಿ: ಅಸಲಿನಲ್ಲಿ ಕಪ್ಪಕ್ಷರಗಳು ತುಂಬುಶಾಯಿಯಲ್ಲಿರುತ್ತವೆ, ಚಿತ್ರದಿಂದ ಚಿತ್ರ ತೆಗೆದ ನಕಲಿನಲ್ಲಿ ಭೂತಗನ್ನಡಿ ಹಿಡಿದರೆ ಅಕ್ಷರವೂ ಬಣ್ಣದ ಚುಕ್ಕೆಗಳಾಗಿ ಒಡೆದು ಕಾಣುತ್ತದೆ.

ಪರೀಕ್ಷಕರೂ ಮನುಷ್ಯರೇ. ಪಿ.ಎಸ್.ಎ. ಸಂಸ್ಥೆ ಮೊತ್ತಮೊದಲು ಅಂಕ ನೀಡಿದ ಕಾರ್ಡು ಹಾಕಿಯದಲ್ಲ, ಬೇಸ್‌ಬಾಲ್ ಆಟಗಾರ ಹೋನಸ್ ವ್ಯಾಗ್ನರನದು. ಅದನ್ನು 1991ರಲ್ಲಿ 4 ಲಕ್ಷ 51 ಸಾವಿರ ಡಾಲರು ಕೊಟ್ಟು ಕೊಂಡವರು ಇದೇ ಹಾಕಿ ವೀರ ಗ್ರೆಟ್ಸ್ಕಿ ಮತ್ತು ಆತನ ತಂಡದ ಒಡೆಯರಾಗಿದ್ದ ಬ್ರೂಸ್ ಮ್ಯಾಕ್ನಾಲ್. ಅದಕ್ಕೆ ಎಂಟು ಅಂಕ ದೊರಕಿತು. 2013ರಲ್ಲಿ ಬಿಲ್ ಮಾಸ್ಟ್ರೋ ಎಂಬ ಹರಾಜುಗಾರನು ಆ ಕಾರ್ಡಿನ ಅಂಚನ್ನು ತಾನೇ ಕತ್ತರಿಸಿದ್ದೆನೆಂದು ನ್ಯಾಯಾಲಯದ ಮುಂದೆ ಒಪ್ಪಿಕೊಂಡನು.

ಅಜ್ಜಿಯ ಡಬ್ಬಿ

ಅಜ್ಜಿಯ ಹನ್ನೊಂದು ಕಾರ್ಡುಗಳ ವಿಷಯದಲ್ಲಿ ಯಾವ ವಂಚನೆಯೂ ಇರಲಿಲ್ಲ. ಇದ್ದುದು ಗೃಹಿಣಿಯ ಚೊಕ್ಕತನ. ಆದರೆ ರಟ್ಟಿಗೆ ಉದ್ದೇಶ ತಿಳಿಯದು. ನೀರು ತಗಲಿದಲ್ಲಿ ನಾರುಗಳು ಎದ್ದು ನಿಂತಿದ್ದುವು. ಒಣಗಿದ ಮೇಲೆ ಆ ಭಾಗ ಮಂಕಾಗಿ, ಮುಟ್ಟಿದರೆ ಒರಟಾಗಿ ತೋರುತ್ತಿತ್ತು. ರಿಷಾರನ ಕೆಂಪು ಅಂಗಿಯ ಮೇಲೆ ಬಟ್ಟೆ ಹೋದ ದಾರಿ ಓರೆಬೆಳಕಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ನಮ್ಮ ಕರಾವಳಿಯಲ್ಲಿ ಆಟಿ ತಿಂಗಳ ತೇವ ಹಿಡಿದ ಪುಸ್ತಕವನ್ನು ಒರಸಿದವರಿಗೆ ಈ ಮಂಕು ಪರಿಚಿತವಾದುದೇ. ಹಾಗೆಯೇ ಬಿಟ್ಟಿದ್ದರೆ ಬೆರಳಿನ ಕೊಳೆಯೊಂದಿಗೇ ಅದು ಎರಡೋ ಮೂರೋ ಅಂಕ ಪಡೆಯುತ್ತಿತ್ತೆಂದು ವ್ಯಾಪಾರಿ ಹೇಳಿದ. ಅಜ್ಜಿ ಇಲ್ಲದ ಸಮಯ ನೋಡಿ ಹೇಳಿದನೆಂಬುದನ್ನು ಆತನ ಪರವಾಗಿ ಬರೆಯಬೇಕು.

ಅವರಿಗೆ ಹೇಳಬೇಕೋ ಬೇಡವೋ ಎಂಬುದು ನಮ್ಮ ಮನೆಯಲ್ಲಿ ಎರಡು ರಾತ್ರಿಯ ಚರ್ಚೆಯಾಯಿತು. ಕೊನೆಗೆ ಸೋದರಳಿಯನ ಹೆಂಡತಿಯೇ ಹೋಗಿ ಹೇಳಿದಳು. ಆಕೆ ಸುಮ್ಮನೆ ಕೇಳಿ, ‘‘ಅವರು ಬದುಕಿದ್ದಾಗ ಈ ಡಬ್ಬಿಯನ್ನು ಮುಟ್ಟಬೇಡ ಎನ್ನುತ್ತಿದ್ದರು. ಏಕೆಂದು ಹೇಳಿರಲಿಲ್ಲ’’ ಎಂದರಂತೆ. ಆ ಬಳಿಕ ಉಳಿದ ಮೂವತ್ತೆರಡನ್ನು ನಾವು ಮೃದುವಾದ ಪ್ಲಾಸ್ಟಿಕ್ ಲಕೋಟೆಗಳಲ್ಲಿ ಒಂದೊಂದಾಗಿ ಇಟ್ಟೆವು. ಮೂರನ್ನು ಪರೀಕ್ಷೆಗೆ ಕಳುಹಿಸಲಾಯಿತು: ಹೋ, ಸಾಚಕ್, ಮತ್ತು ಅಜ್ಜಿಯ ಹಠಕ್ಕಾಗಿ ರಿಷಾರ್.

ನಾನು ಊರಿಗೆ ಮರಳಿದ ಮೇಲೆ, 2023ರ ಫೆಬ್ರವರಿಯಲ್ಲಿ, ಫೋನಿನಲ್ಲಿ ಫಲಿತಾಂಶ ತಿಳಿಯಿತು. ಚೂಪಾದ ಮೂಲೆಗಳ ಹೋ ಕಾರ್ಡಿಗೆ ಆ ಕೂದಲೆಳೆಯ ಸುಕ್ಕಿನಿಂದಾಗಿ ಮೂರು. ಮೂಲೆಗಳು ಮೊಂಡಾಗಿದ್ದುದರಿಂದ ನಾವು ಅಷ್ಟಾಗಿ ಲೆಕ್ಕಿಸದಿದ್ದ ಸಾಚಕ್ಕಿಗೆ ಐದು. ಅದರ ಮೈಮೇಲೆ ಒಂದು ಗೀರೂ ಇರಲಿಲ್ಲವಂತೆ. ರಿಷಾರ್ ಅಂಕವಿಲ್ಲದೆ ಬಂದಿತ್ತು. ಎರಡನ್ನು ಮಾರಿದ ಹಣದಿಂದ ಮಾಡಿನ ಪಡುವಣ ಭಾಗ ಸರಿಯಾಯಿತು. ಮೂಡಣ ಭಾಗಕ್ಕೆ ಈಗಲೂ ಮಳೆ ಬಂದರೆ ಬಕೆಟ್ ಇಡುತ್ತಾರೆ.

ರಿಷಾರನನ್ನು ಆಕೆ ಮಾರಲಿಲ್ಲ. ಅಡುಗೆಮನೆಯ ಕಿಟಕಿಯ ಪಕ್ಕದಲ್ಲಿ, ಪತಿಯ ಪಟದ ಮೂಲೆಗೆ ಸಿಕ್ಕಿಸಿಟ್ಟಿದ್ದಾರಂತೆ. ಅಲ್ಲಿ ಬೆಳಗಿನ ಬಿಸಿಲು ನೇರವಾಗಿ ಬೀಳುತ್ತದೆ, ಬಣ್ಣ ಹಾರಿಹೋಗುತ್ತದೆ ಎಂದು ಸೋದರಳಿಯನ ಹೆಂಡತಿಗೆ ಚಿಂತೆ. ಎರಡು ಸಲ ಹೇಳಿಯೂ ನೋಡಿದಳಂತೆ. ಅಜ್ಜಿ ಅದನ್ನು ಅಲ್ಲಿಂದ ತೆಗೆಯಲು ಒಪ್ಪಲಿಲ್ಲ.